ಮೂವತ್ತೆರಡನೇ ವಾರ

ಸೂಟ್‌ಕೇಸಿನ ಹಿಡಿಕೆಗೆ ಅಂಟಿದ್ದ ವಿಮಾನದ ಚೀಟಿಯನ್ನು ಪೂರ್ಣಿಮಾ ಉಗುರಿನಿಂದ ಕೆರೆಯುತ್ತಿದ್ದಳು. ಚೀಟಿ ಕಿತ್ತು ಬಂದಿತ್ತು, ಅಂಟು ಮಾತ್ರ ಉಳಿದಿತ್ತು. ಹೆಬ್ಬೆರಳಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮತ್ತೆ ಉಜ್ಜಿದಳು. ಅಂಟು ಕಪ್ಪಗೆ, ಎಳೆಎಳೆಯಾಗಿ ಎದ್ದು ಬಂತು. ಅವಳ ಗಂಡ ಕಲ್ಮೇಶ್ ಮೇಜಿನ ಮುಂದೆ ಕೂತು ಕ್ಯಾಮೆರಾದ ವೈರು ಚುಚ್ಚಿ ಕಂಪ್ಯೂಟರಿಗೆ ಫೋಟೋ ಇಳಿಸುತ್ತಿದ್ದ. ನಿನ್ನೆ ಲಾಸ್ ವೇಗಸ್‌ನಿಂದ ಸಿಯಾಟಲ್‌ಗೆ ಬರುವಾಗ ವಿಮಾನದಲ್ಲೂ ಅವಳು ಒಂದು ಮಾತೂ ಆಡಿರಲಿಲ್ಲ. ಅದು ಅವನ ಗಮನಕ್ಕೇ ಬಂದಿರಲಿಲ್ಲ. ಮೊದಲಿನಿಂದಲೂ ಅವಳು ಮಾತು ಕಡಿಮೆಯವಳು. ಅವಳ ಸಿಟ್ಟಿಗೂ ಸಮಾಧಾನಕ್ಕೂ ಒಂದೇ ಮುಖ ಎಂದು ಅವನು ತಿಳಿದಿದ್ದ.

ಅಡುಗೆಮನೆಯ ಡ್ರಾಯರಿನಲ್ಲಿ, ಲಟ್ಟಣಿಗೆಯ ಕೆಳಗೆ, ಅವಳು ಬೆಳಿಗ್ಗೆ ಬರೆದಿಟ್ಟ ಕಾಗದವಿತ್ತು. ಮಧ್ಯಾಹ್ನ ಮೂರರೊಳಗೆ ಅದಕ್ಕೆ ಅವನ ಸಹಿ ಬೀಳಬೇಕಿತ್ತು. ಹೇಗೆ ಕೇಳಬೇಕು ಎಂಬುದನ್ನೇ ಎಣ್ಣೆಗೈಯಲ್ಲಿ ಕೂತು ಯೋಚಿಸುತ್ತಿದ್ದಳು.

ಕಲ್ಮೇಶನ ಆಫೀಸು ಸಿಯಾಟಲ್ ಪಕ್ಕದ ಫ್ಯಾಕ್ಟೋರಿಯಾದಲ್ಲಿ. ಅಲ್ಲೇ ಹತ್ತಿರದ ಟಕ್ವಿಲಾದ ದೊಡ್ಡ ಮಾಲಿಗೆ ಶೂ ಕೊಳ್ಳಲು ಹೋದವನು ಅಲ್ಲಿಟ್ಟಿದ್ದ ಬಹುಮಾನದ ಡಬ್ಬಿಯೊಂದಕ್ಕೆ ಹೆಸರು, ಫೋನ್ ನಂಬರು ಬರೆದು ಹಾಕಿ ಬಂದಿದ್ದ. ತಿಂಗಳಾದ ಮೇಲೆ ಫೋನು ಬಂತು. ವೇಗಸ್ ಹತ್ತಿರದ ರೆಸಾರ್ಟಿನಲ್ಲಿ ಐದು ದಿನ ಪುಕ್ಕಟೆ ಇರಬಹುದು; ಗಂಡ ಹೆಂಡತಿ ಜೋಡಿಯಾಗಿ ಬಂದು ಒಂದು ಮುಂಜಾನೆ ತಾವು ಹೇಳುವುದನ್ನು ಕೇಳಿದರಾಯಿತು ಎಂದರು. ಕಲ್ಮೇಶ್ ರಜೆ ಹಾಕಿದ. ಅವಳು ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡಳು.

ರೆಸಾರ್ಟ್ ಊರಿನಿಂದ ದೂರ, ಬೋಳು ಗುಡ್ಡಗಳ ನಡುವೆ ಇತ್ತು. ಜೂಜಿನ ದೊಡ್ಡ ದೊಡ್ಡ ಕಟ್ಟಡಗಳು ಬಾಲ್ಕನಿಯಿಂದ ಬೆಂಕಿಪೊಟ್ಟಣಗಳಂತೆ ಕಾಣುತ್ತಿದ್ದವು. ಕೋಣೆಯಲ್ಲೇ ಒಲೆ, ಫ್ರಿಜ್ಜು, ಪಾತ್ರೆ ಎಲ್ಲ ಇದ್ದವು. ಇದ್ದವು ಅಂದಮೇಲೆ ಅಡುಗೆಯೂ ಆಗಬೇಕಾಯಿತು. ಕಲ್ಮೇಶ್ ಈಜುಕೊಳದಿಂದ ಬರುವ ಹೊತ್ತಿಗೆ ಅವಳು ರೊಟ್ಟಿ ಬಡಿದಿಟ್ಟಿರುತ್ತಿದ್ದಳು. ಮೊದಲನೆಯ ದಿನ ಒಗ್ಗರಣೆಯ ಹೊಗೆಗೆ ಅಲಾರಂ ಕಿರುಚಿಕೊಂಡು, ಸಮವಸ್ತ್ರದವನೊಬ್ಬ ಓಡಿ ಬಂದಿದ್ದ. ಆಮೇಲೆ ಅವಳು ಕಿಟಕಿ ತೆರೆದಿಟ್ಟು, ಒಂದು ಕೈಯಲ್ಲಿ ಟವೆಲ್ ಬೀಸುತ್ತ ಇನ್ನೊಂದು ಕೈಯಲ್ಲಿ ಸಾಸಿವೆ ಹಾಕಿದಳು.

ಸೋಮವಾರ ಮುಂಜಾನೆ ಅವರನ್ನು ಒಂದು ದೊಡ್ಡ ಹಾಲಿಗೆ ಕರೆದೊಯ್ದರು. ದುಂಡು ಮೇಜುಗಳು, ಪ್ರತಿ ಮೇಜಿಗೊಂದು ಜೋಡಿ, ಜೋಡಿಗೊಬ್ಬ ಮಾರಾಟದವನು. ಇವರ ಮೇಜಿಗೆ ಬಂದವನು ಕಲ್ಮೇಶನ ಹೆಸರಿನ ಚೀಟಿ ನೋಡಿದವನೇ ಇಂಗ್ಲಿಷ್ ಬಿಟ್ಟುಬಿಟ್ಟ.

"ಧಾರವಾಡ ಕಡ್ಯಾವ್ರೇನ್ರಿ? ನಮ್ದು ಗದಗ. ವಾಸುದೇವ ಅಂತ."

ಪೂರ್ಣಿಮಾ ತಲೆಯೆತ್ತಿ ನೋಡಿದಳು. ಈ ದೇಶಕ್ಕೆ ಬಂದು ಮೂರು ವರ್ಷವಾಗಿತ್ತು. ಅವರಿದ್ದ ಕ್ರಾಸ್‌ರೋಡ್ಸ್ ಬಡಾವಣೆಯ ಅಪಾರ್ಟ್‌ಮೆಂಟುಗಳಲ್ಲಿ ಕನ್ನಡದವರು ಬೇಕಾದಷ್ಟಿದ್ದರು, ಆದರೆ ಅವರ ಕನ್ನಡದ ಮುಂದೆ ಅವಳ ನಾಲಿಗೆ ಮುದುಡಿಕೊಳ್ಳುತ್ತಿತ್ತು. ಇವನು ಟೈ ಕಟ್ಟಿಕೊಂಡೂ ಅವಳ ಅಣ್ಣ ವೀರಣ್ಣನ ಹಾಗೆ ಮಾತಾಡುತ್ತಿದ್ದ. ಅವಳನ್ನು ತಂಗಿ ಎಂದ. ಯಾವ ಊರು, ಎಷ್ಟು ಮಂದಿ ಅಣ್ಣತಮ್ಮಂದಿರು, ತವರಿಗೆ ಹೋಗಿ ಎಷ್ಟು ದಿನವಾಯಿತು ಎಂದು ಕೇಳಿದ. ಬೈಲಹೊಂಗಲ, ಒಬ್ಬನೇ ಅಣ್ಣ, ಮದುವೆಯಾದ ಮೇಲೆ ಹೋಗೇ ಇಲ್ಲ ಎಂದು ಅವಳು ಹೇಳಿದಳು. ಅವನು ತುಟಿ ಲೊಚಗುಟ್ಟಿ ಕಲ್ಮೇಶನ ಕಡೆ ತಿರುಗಿದ. ನಕಾಶೆ, ಬಣ್ಣದ ಪುಸ್ತಕ, ಕಾಗದಗಳು ಮೇಜಿನ ಮೇಲೆ ಹರಡಿದವು. ಇಂಗ್ಲಿಷಿನ ಮಾತು ಬಹಳ ಹೊತ್ತು ನಡೆಯಿತು. ಒಂಬತ್ತನೇ ಇಯತ್ತೆಗೆ ಸಾಲೆ ಬಿಟ್ಟವಳಿಗೆ ಅದರಲ್ಲಿ ಅಲ್ಲೊಂದು ಇಲ್ಲೊಂದು ಶಬ್ದ ಸಿಕ್ಕಿತು.

ಕಡೆಗೆ ವಾಸುದೇವ ಪೆನ್ನು ಕೆಳಗಿಟ್ಟು ಅವಳನ್ನು ನೋಡಿದ.

"ನೀ ಹೇಳವಾ ತಂಗಿ. ಹೆಣ್ಮಗಳು ವರ್ಷಕ್ಕೊಮ್ಮಿ ತವರುಮನಿಗೆ ಹೋಗಬೇಕೋ ಬ್ಯಾಡೋ?"

ಮೂರು ಪಂಚಮಿ ಹಾಗೇ ಹೋಗಿದ್ದವು. ಪಂಚಮಿಗೆ ಅಣ್ಣ ಬಂದು ತಂಗಿಯನ್ನು ಕರೆದೊಯ್ಯಬೇಕು, ತವರಿನಲ್ಲಿ ಅವಳು ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ಪ್ರತಿ ಶ್ರಾವಣದಲ್ಲಿ ಅವ್ವ ಶಾಂತವ್ವ ಫೋನಿನಲ್ಲಿ ಕೇಳುತ್ತಿದ್ದಳು, ಕಲ್ಮೇಶ್ ಮುಂದಿನ ವರ್ಷ ಅನ್ನುತ್ತಿದ್ದ. ತನಗೆ ಕೇಳಲಾಗದ್ದನ್ನು ಯಾರೋ ಪರವೂರಿನ ಅಣ್ಣನೊಬ್ಬ ಗಂಡನ ಎದುರೇ ಕೇಳುತ್ತಿದ್ದಾನೆ ಅಂದುಕೊಂಡಳು.

"ಹೋಗಬೇಕ್ರಿ," ಎಂದಳು. ಕಣ್ಣಲ್ಲಿ ನೀರು ಬಂತು.

"ಮುಗೀತಲ್ಲ ಮತ್ತ. ಆಗಸ್ಟ್‌ದಾಗ, ಪ್ರತಿ ವರ್ಷ. ಬರದ ಕೊಡ್ತೀನಿ."

ಆಗಸ್ಟ್ ಅಂದರೆ ಶ್ರಾವಣ. ಅವನು ಬೆರಳಿಟ್ಟು ತೋರಿಸಿದಲ್ಲೆಲ್ಲ ಅವಳು ಸಹಿ ಮಾಡಿದಳು. ಆರು ಕಡೆ.

ಎರಡು ದಿನ ಆ ಸಂತೋಷ ನಿಂತಿತು. ಬುಧವಾರ ಊಟಕ್ಕೆ ಬಡಿಸುವಾಗ, ಟಿಕೆಟ್ ಈಗಲೇ ತೆಗೆಸಿದರೆ ಒಳ್ಳೆಯದಲ್ಲವೇ ಎಂದು ಕೇಳಿದಳು. ಎಲ್ಲಿಗೆ ಎಂದ ಕಲ್ಮೇಶ್. ಆಮೇಲೆ ರೊಟ್ಟಿ ಮುರಿಯುತ್ತ ವಿವರಿಸಿದ. ಕೊಂಡದ್ದು ಇದೇ ರೆಸಾರ್ಟಿನಲ್ಲಿ ಒಂದು ವಾರ ಇರುವ ಹಕ್ಕನ್ನು. ವರ್ಷದ ಮೂವತ್ತೆರಡನೇ ವಾರ, ಅಂದರೆ ಆಗಸ್ಟಿನಲ್ಲಿ, ಪ್ರತಿ ವರ್ಷ, ಇಬ್ಬರ ಹೆಸರಿಗೆ. ಅವನಿಗೆ ಸಿಗುವುದೇ ಎರಡು ವಾರದ ರಜೆ. ಒಂದು ಇಲ್ಲಿಗೆ ಹೋದರೆ ಉಳಿದ ಒಂದರಲ್ಲಿ ಯಾರು ಇಂಡಿಯಾಕ್ಕೆ ಹೋಗುತ್ತಾರೆ? ಅವಳೊಬ್ಬಳನ್ನೇ ಕಳಿಸುವ ಮಾತಂತೂ ಇಲ್ಲ. ಅವಳಿಗೆ ವಿಮಾನ ಬದಲಿಸಲು ಬರುವುದಿಲ್ಲವಲ್ಲ.

ಅವನು ಹೇಳಿ ಮುಗಿಸಿ ಮೊಸರು ಕೇಳಿದ. ಅವಳು ಬಡಿಸಿದಳು.

ಆ ರೆಸಾರ್ಟಿನ ದಪ್ಪ ಫೋಲ್ಡರನ್ನು ಅವಳು ಓದತೊಡಗಿದ್ದು ಆ ಮಧ್ಯಾಹ್ನ, ಅವನು ಕೊಳಕ್ಕೆ ಇಳಿದ ಮೇಲೆ. ಒಂದೊಂದೇ ಅಕ್ಷರ ಕೂಡಿಸಿಕೊಂಡು, ಬೆರಳಿಟ್ಟುಕೊಂಡು ಓದಿದಳು. ಹದಿನಾಲ್ಕನೆಯ ಹಾಳೆಯಲ್ಲಿ ಚೌಕದೊಳಗೆ ದಪ್ಪಕ್ಷರವಿತ್ತು. ಕ್ಯಾನ್ಸಲ್ ಎಂಬ ಶಬ್ದ ಅವಳಿಗೆ ಗೊತ್ತಿತ್ತು. ಐದು ದಿನ ಎಂಬುದೂ ತಿಳಿಯಿತು. ಉಳಿದದ್ದಕ್ಕೆ ಎರಡು ದಿನ ಹಿಡಿಯಿತು: ಕೊಂಡವರಿಬ್ಬರೂ ಸಹಿ ಮಾಡಿದ ಕಾಗದ, ಐದನೆಯ ದಿನದೊಳಗೆ ಅಂಚೆಗೆ ಬೀಳಬೇಕು. ಇವತ್ತು ಶನಿವಾರ, ಐದನೆಯ ದಿನ. ಪೋಸ್ಟ್ ಆಫೀಸು ಮೂರಕ್ಕೆ ಮುಚ್ಚುತ್ತದೆ.

ಬುಧವಾರದಿಂದ ಅವಳು ವಾಸುದೇವನನ್ನು ಮನಸ್ಸಿನಲ್ಲೇ ಹರಿದು ಹಾಕಿದ್ದಳು. ತಂಗಿ ಎಂದ ಆ ಬಾಯಿಗೆ ಹುಳ ಬೀಳಲಿ ಎಂದಿದ್ದಳು. ಪರಕೀಯನೊಬ್ಬ ತನ್ನೂರಿನ ಮಾತಿನಲ್ಲಿ ಮಾತಾಡಿದ ಮಾತ್ರಕ್ಕೆ ಕರಗಿ ನೀರಾದ ತನ್ನನ್ನೂ ಬೈದುಕೊಂಡಿದ್ದಳು. ಕಲ್ಮೇಶನನ್ನು ಮಾತ್ರ ಆ ಲೆಕ್ಕಕ್ಕೆ ಸೇರಿಸಿರಲಿಲ್ಲ. ತಾನು ತಪ್ಪು ತಿಳಿದುಕೊಂಡದ್ದು ಆಗ ಅವನಿಗೆ ಗೊತ್ತಾಗದೆ ಹೋಗಿರಬೇಕು. ಬಿಡಿಸಿ ಹೇಳಿದರೆ ಸಹಿ ಮಾಡಿಯಾನು.

ಹೇಳುವಷ್ಟರಲ್ಲಿ ಬಾಗಿಲ ಕರೆಗಂಟೆ ಬಡಿಯಿತು. ಮೇಲಿನ ಮನೆಯ ಅನಂತಪದ್ಮನಾಭ ಮತ್ತು ಅನುಷಾ ಬಂದಿದ್ದರು. ಅನಂತಪದ್ಮನಾಭ ಕಲ್ಮೇಶನ ಆಫೀಸಿನವನೇ, ತುಮಕೂರಿನ ಕಡೆಯವನು. ವೇಗಸ್ ಫೋಟೋ ನೋಡಲು ಬನ್ನಿ ಎಂದು ಕಲ್ಮೇಶನೇ ಕರೆದಿದ್ದನಂತೆ. ಅನುಷಾ ಅವಳ ಕೆನ್ನೆ ಮುಟ್ಟಿ, "ಏನ್ ಪೂರ್ಣಿಮಾ, ಬಿಸಿಲಲ್ಲಿ ಚೆನ್ನಾಗಿ ಹುರ್ಕೊಂಡ್ ಬಂದಿದೀರ," ಎಂದು ನಕ್ಕಳು. ಪೂರ್ಣಿಮಾ ಗಡಿಯಾರ ನೋಡಿದಳು. ಎರಡು ಗಂಟೆ. ಚಹಾಕ್ಕೆ ನೀರಿಟ್ಟಳು, ತಟ್ಟೆಗೆ ಚಕ್ಕುಲಿ ಹಾಕಿದಳು.

ಕಂಪ್ಯೂಟರಿನ ಪರದೆಯ ಮೇಲೆ ಈಜುಕೊಳ, ಬೋಳು ಗುಡ್ಡ, ಬಾಲ್ಕನಿ ಒಂದಾದ ಮೇಲೊಂದು ಬಂದವು. ತಾವೂ ಆ ಡಬ್ಬಿಗೆ ಚೀಟಿ ಹಾಕಿದ್ದೆವು, ತಮಗೆ ಕಾಲೇ ಬರಲಿಲ್ಲ ಎಂದು ಅನಂತಪದ್ಮನಾಭ ಹೇಳಿಕೊಂಡ. ಅಂಥ ಕಡೆ ಕೊಳ್ಳದೆ ಎದ್ದು ಬರುವುದೇ ಜಾಣತನ ಅನ್ನುತ್ತಾರಲ್ಲ, ನೀವು ಹೇಗೆ ಸಿಕ್ಕಿಹಾಕಿಕೊಂಡಿರಿ ಎಂದು ಕೆಣಕಿದ.

ಕಲ್ಮೇಶ್ ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡ.

"ನಾ ಏನೂ ಸಿಕ್ಕಿಲ್ರಿ ಸರ, ನಂಗ ಬೇಕಾಗೇ ಇತ್ತು. ಇಕೀ ಸಹಿನೂ ಬೇಕಲ್ಲ? ಅದ ಚಿಂತಿ ಆಗಿತ್ತು. ಅಂವ ಆ ರೆಸಾರ್ಟಿಗೆ ತವರುಮನಿ ಅಂದ ನೋಡ್ರಿ, ಇಕಿ ಖರೇನ ಬೈಲಹೊಂಗಲಕ್ಕ ಕಳಸ್ತಾರ ಅಂತ ತಿಳಕೊಂಡ್ಲು. ಕಣ್ಣಾಗ ನೀರು! ನಂಗ ಆವಾಗ್ಲೇ ಗೊತ್ತಾತು. ಸುಮ್ಮ ಕುಂತೆ."

"ಒಳ್ಳೆ ಪಾರ್ಟಿ ಕಣ್ರೀ ನೀವು," ಎಂದು ಅನಂತಪದ್ಮನಾಭ ಅವನ ಬೆನ್ನಿಗೆ ಹೊಡೆದ.

ಅನುಷಾ ಕೂಡ ನಕ್ಕಳು. ಚಹಾದ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದ ಪೂರ್ಣಿಮಾಳ ಮುಖ ಕಂಡು ಅರ್ಧಕ್ಕೆ ನಿಲ್ಲಿಸಿದಳು.

ರೆಸಾರ್ಟಿನ ಆ ದುಂಡು ಮೇಜಿನ ಹತ್ತಿರ ಕಲ್ಮೇಶ್ ತನ್ನ ಭುಜದ ಮೇಲೆ ಕೈಯಿಟ್ಟದ್ದು ಪೂರ್ಣಿಮಾಳಿಗೆ ನೆನಪಾಯಿತು. ಅಳಬೇಡ ಎಂದು ಇಟ್ಟ ಕೈ ಅಂದುಕೊಂಡಿದ್ದಳು. ಟ್ರೇಯನ್ನು ಎಸೆದುಬಿಡುತ್ತೇನೇನೋ ಎಂದು ಹೆದರಿ, ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಮೆಲ್ಲಗೆ ಮೇಜಿನ ಮೇಲೆ ಇಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ಒಳಗೆ ಹೋಗಿ ಲಟ್ಟಣಿಗೆ ಸರಿಸಿ ಕಾಗದ ತಂದಳು. ಕಲ್ಮೇಶನ ಎದುರಿನ ಕೀಬೋರ್ಡಿನ ಮೇಲೆಯೇ ಅದನ್ನು ಹಾಸಿದಳು.

ಚೌಕದೊಳಗಿನ ಮಾತುಗಳನ್ನು ನೋಡಿ ನೋಡಿ ದೊಡ್ಡಕ್ಷರದಲ್ಲಿ ಬರೆದ ನಾಲ್ಕು ಸಾಲು. ಕೆಳಗೆ ಎರಡು ಗೆರೆ. ಒಂದರ ಮೇಲೆ ಅವಳ ಸಹಿ.

ಕಲ್ಮೇಶ್ ಓದಿದ. ಇನ್ನೂ ನಗುವ ಬಾಯಲ್ಲೇ ಇದ್ದ. "ಇದನ್ನ ಯಾರು ಬರದಕೊಟ್ರು?"

"ನಾನ ಬರದೀನಿ."

"ಆತು, ಆಮ್ಯಾಲ ನೋಡೂಣು. ಮಂದಿ ಕುಂತಾರ."

"ಕುಂತಿರ್ಲಿ," ಎಂದಳು ಪೂರ್ಣಿಮಾ. ಅವಳ ದನಿ ಅಷ್ಟು ದೊಡ್ಡದಿದೆ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಅವ್ರ ಮುಂದನ ನಕ್ಕಿರಲ್ಲ. ಅವ್ರ ಮುಂದನ ಆಗ್ಲಿ. ನಂಗ ಗೊತ್ತಿರ್ಲಿಲ್ಲ, ನಿಮಗ ಗೊತ್ತಿತ್ತು. ನಾ ಆಗಸ್ಟ್‌ದಾಗ ಅಲ್ಲಿಗೆ ಬರಂಗಿಲ್ಲ. ಪಂಚಮಿಗೆ ನಮ್ಮೂರಿಗೆ ಹೋಗ್ತೀನಿ. ವಿಮಾನ ಬದಲಿ ಮಾಡೂದು ಕೇಳಕೋತ ಹೋಗಿ ಕಲೀತೀನಿ."

ಅನಂತಪದ್ಮನಾಭ ತನ್ನ ಕಪ್ಪಿನೊಳಗೆ ನೋಡುತ್ತ ಕೂತ. ಕಲ್ಮೇಶನ ಬೆರಳಿನಲ್ಲಿ ಚಕ್ಕುಲಿಯ ತುಂಡು ಹಾಗೇ ಇತ್ತು. ಅದನ್ನು ಬಾಯಿಗೂ ಹಾಕಲಿಲ್ಲ, ತಟ್ಟೆಗೂ ಇಡಲಿಲ್ಲ. ಅವಳು ಫೋನಿನ ಪಕ್ಕದಲ್ಲಿದ್ದ ಪೆನ್ನು ತಂದು, ಮುಚ್ಚಳ ತೆಗೆದು ಕಾಗದದ ಮೇಲೆ ಇಟ್ಟಳು. ಎರಡೂಕಾಲು ದಾಟಿತ್ತು.

"ಸಹಿ ಮಾಡ್ರಿ," ಎಂದಳು. "ಪೋಸ್ಟ್ ಆಫೀಸ್ ಮುಚ್ಚತಾರ."