ಬಿಡಲು ಏನೂ ಉಳಿಯದ ತಪಸ್ಸುಕಾಲ

ವಿಭೂತಿ ಬುಧವಾರದ ಪೂಜೆ ಮುಗಿಸಿ, ಹಣೆಯ ಮೇಲೆ ಬೂದಿಯ ಶಿಲುಬೆ ಇಟ್ಟುಕೊಂಡು ಲೂರ್ದಮ್ಮ ಬಾಣಾವರದ ಸ್ಟೇಷನ್ ಹಿಂದಿನ ಬೀದಿಗೆ ತಿರುಗಿದಾಗ, ಪಕ್ಕದ ಮನೆಯ ಕಮಲಾಕ್ಷಮ್ಮ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು.

"ವರ್ಷಕ್ಕೊಂದು ದಿನ ನೀವೂ ನಮ್ಮೋರೇ ಆಗ್ಬಿಡ್ತೀರಿ ನೋಡ್ರಿ," ಎಂದು ತನ್ನ ಹಣೆಯ ವಿಭೂತಿ ಪಟ್ಟೆಯನ್ನು ತೋರಿಸಿ ನಕ್ಕಳು. ಕಮಲಾಕ್ಷಮ್ಮ ಆ ಬೀದಿಗೆ ಸೊಸೆಯಾಗಿ ಬಂದಾಗಿನಿಂದ ಪ್ರತಿ ವರ್ಷವೂ ಇದೇ ಮಾತು. ಲೂರ್ದಮ್ಮನೂ ಪ್ರತಿ ವರ್ಷ ಹೊಸದಾಗಿ ಕೇಳಿದವಳಂತೆ ನಗುತ್ತಾಳೆ.

"ಈ ಸಲ ಏನು ಬಿಡ್ತೀರಿ?"

"ಸಂಜೆ ಹೇಳ್ಬೇಕಲ್ಲ, ಯೋಚ್ನೆ ಮಾಡ್ತಾ ಇವ್ನಿ."

ಆ ಮನೆಯ ಪದ್ಧತಿಯೇ ಹಾಗೆ. ಬೂದಿ ಹಚ್ಚಿಸಿಕೊಂಡ ಸಂಜೆ ಎಲ್ಲರೂ ದೇವರ ಪಟದ ಮುಂದೆ ಮಂಡಿಯೂರಿ, ಯೇಸು ಮತ್ತೆ ಎದ್ದ ಪಾಸ್ಕ ಹಬ್ಬದವರೆಗಿನ ತಪಸ್ಸುಕಾಲದಲ್ಲಿ ತಾನು ಏನು ಬಿಡುತ್ತೇನೆಂದು ಬಾಯಿಬಿಟ್ಟು ಹೇಳಬೇಕು. ಇದನ್ನು ತಂದವಳು ಲೂರ್ದಮ್ಮನ ಅತ್ತೆ ಇನ್ನಾಸಮ್ಮ. ಆ ಕಾಲದ ತಪಸ್ಸುಕಾಲವೆಂದರೆ ಮನೆಯ ಗಾಳಿಯೇ ಬದಲಾಗುತ್ತಿತ್ತು. ಮುಡಿಗೆ ಹೂವಿಲ್ಲ, ಒಲೆಯ ಮೇಲೆ ಮಾಂಸವಿಲ್ಲ, ಶುಕ್ರವಾರ ಉಪ್ಪಿಲ್ಲದ ರಾಗಿ ಅಂಬಲಿ. ಇನ್ನಾಸಮ್ಮ ಬಿಡುತ್ತಿದ್ದುದು ಎಲೆಅಡಿಕೆ, ಹೊಗೆಸೊಪ್ಪು. ವಾರ ಕಳೆಯುವಷ್ಟರಲ್ಲಿ ಅಡುಗೆಮನೆಯ ಪಾತ್ರೆಗಳೆಲ್ಲ ದಡಬಡ ಸದ್ದು ಮಾಡತೊಡಗುತ್ತಿದ್ದವು. ರೈಲ್ವೆ ಗ್ಯಾಂಗಿನಲ್ಲಿದ್ದ ಮಾವ ಚೌರಪ್ಪ ಸೊಸೆಯ ಕಿವಿಯಲ್ಲಿ, "ಎಲೆಅಡಿಕೆ ಬಿಟ್ಟಿರೋಳು ಅವ್ಳು ಕಣವ್ವ, ತಪಸ್ಸು ಮಾಡ್ತಿರೋರು ನಾವು," ಎಂದು ಪಿಸುಗುಟ್ಟುತ್ತಿದ್ದ. ಅಂಬಲಿ ಕುಡಿದ ಆ ಶುಕ್ರವಾರಗಳ ಹಗುರವಾದ ಹೊಟ್ಟೆ, ಹಗುರವಾದ ಮನಸ್ಸು ಇವತ್ತಿಗೂ ಲೂರ್ದಮ್ಮನಿಗೆ ನೆನಪಿದೆ.

ಸಂಜೆ ಮಗ ಸುನಿಲ್ ಮಟನ್ ಬಿಟ್ಟೆ ಎಂದ. ಸೊಸೆ ಸೌಂದರ್ಯ ಮೊಬೈಲಿನಲ್ಲಿ ಧಾರಾವಾಹಿ ನೋಡುವುದನ್ನು ಬಿಟ್ಟಳು. ಲೂರ್ದಮ್ಮನ ಸರದಿ ಬಂತು.

"ನಾನು ಸಕ್ಕರೆ ಬಿಡ್ತೀನಿ."

"ಅದನ್ನ ಅರಸೀಕೆರೆ ಡಾಕ್ಟ್ರು ಹೋದ ವರ್ಷಾನೇ ಬಿಡಿಸವ್ರಲ್ಲ ಅವ್ವ," ಎಂದ ಸುನಿಲ್.

"ಹಂಗಾದ್ರೆ ಉಪ್ಪು."

"ಅದೂ ಅವರೇ ಬಿಡ್ಸಿದ್ದು ಅತ್ತೆ. ಬಿ.ಪಿ. ಐತಲ್ಲ," ಎಂದಳು ಸೌಂದರ್ಯ.

"ಮಾಂಸ?"

"ಎಲ್ಲಿ ಅಗಿತೀಯ, ಹಲ್ಲೆಲ್ಲಿ ಅವೆ?" ಮಗ ನಕ್ಕ. ಸೊಸೆ ಅವನ ತೊಡೆ ಚಿವುಟಿದಳು.

ಲೂರ್ದಮ್ಮ ನಗಲಿಲ್ಲ. ನಮ್ಮಿಂದ ಯಾರೋ ಕಸಿದುಕೊಂಡದ್ದನ್ನು ದೇವರಿಗೆ ಕೊಟ್ಟೆ ಎನ್ನಬಾರದು ಎಂದು ಇನ್ನಾಸಮ್ಮ ಹೇಳುತ್ತಿದ್ದಳು. ಈಗ ನೋಡಿದರೆ ಡಾಕ್ಟರು ಒಂದು, ವಯಸ್ಸು ಒಂದು ಕಸಿದುಕೊಂಡು, ಕೊಡುವುದಕ್ಕೆ ಕೈಯಲ್ಲಿ ಏನೂ ಉಳಿದಿಲ್ಲ. ತಪಸ್ಸುಕಾಲ ತನ್ನನ್ನು ಬಿಟ್ಟು ಮುಂದೆ ಹೋಗುತ್ತಿದೆ ಎನ್ನಿಸಿ ಹೆದರಿಕೆಯಾಯಿತು.

ಮೊದಲ ಶುಕ್ರವಾರ ಯಾರಿಗೂ ಹೇಳದೆ ಬೆಳಗಿನ ಮುದ್ದೆಯನ್ನು ಹಿತ್ತಲಿನ ಕೋಳಿಗೆ ಹಾಕಿದಳು. ಮಧ್ಯಾಹ್ನ ಬಟ್ಟೆ ಒಣಹಾಕುವಾಗ ತಂತಿ ಎರಡಾಗಿ, ನಾಲ್ಕಾಗಿ ಕಂಡಿತು. ಗೋಡೆಗೆ ಒರಗಿ ಕುಸಿದವಳನ್ನು ಸೌಂದರ್ಯ ಓಡಿಬಂದು ಹಿಡಿದಳು. ಬಾಯಿಗೆ ಬೆಲ್ಲದ ನೀರು ಹಾಕುತ್ತಾ ಅತ್ತಳು, ಬೈದಳು. "ಕೋಳಿ ಮುದ್ದೆ ಕುಕ್ತಾ ಇದ್ದಾಗ್ಲೇ ಅಂದ್ಕೊಂಡೆ. ನೀವು ಬಿದ್ರೆ ಯೇಸುಸ್ವಾಮಿ ಖುಷಿ ಪಡ್ತಾನಾ ಅತ್ತೆ?"

ಲೂರ್ದಮ್ಮನಿಗೆ ನಾಚಿಕೆಯಾಯಿತು. ಸಿಹಿ ಬಿಟ್ಟವಳಿಗೆ ಉಪವಾಸದ ದಿನವೇ ಬೆಲ್ಲ ಕುಡಿಯುವ ಹಣೆಬರಹ.

ಸಂಜೆಗೆ ಹುಷಾರಾಗಿ ಗುಡಿಗೆ ಹೋದಳು. ಹೋಗದೆ ಇರುವಂತಿರಲಿಲ್ಲ. ತಪಸ್ಸುಕಾಲದ ಶುಕ್ರವಾರ ಪಾದ್ರಿ ಸ್ವಾಮಿಗಳು ಅರಸೀಕೆರೆಯಿಂದ ಬೈಕಿನಲ್ಲಿ ಬಂದು ಶಿಲುಬೆ ಹಾದಿಯ ಪ್ರಾರ್ಥನೆ ನಡೆಸಿ ಹೋದ ಮೇಲೆ, ಹೆಂಗಸರು ನೆಲದ ಮೇಲೆ ಸುತ್ತ ಕೂತು ಪಾಡಿನ ಪದ ಹೇಳುತ್ತಾರೆ. ಮಗನನ್ನು ಕಳೆದುಕೊಂಡ ಮಾತೆ ಮರಿಯಮ್ಮನ ಅಳಲು ಅದು. ಒಬ್ಬಳು ಸಾಲು ಎತ್ತಬೇಕು, ಉಳಿದವರು ಸೊಲ್ಲು ಸೇರಿಸಬೇಕು. ಮೊದಲು ಎತ್ತುತ್ತಿದ್ದವಳು ಇನ್ನಾಸಮ್ಮ. ಅವಳು ಹಾಸಿಗೆ ಹಿಡಿದ ಮೇಲೆ ಲೂರ್ದಮ್ಮ. ವರ್ಷವೆಲ್ಲ ಮಗನ ಮನೆಯ ಮುದುಕಿಯಾದವಳು ಆ ಹೊತ್ತಿಗೆ ಎದ್ದು ನಿಂತಷ್ಟು ಎತ್ತರವಾಗುತ್ತಾಳೆ. ಎಲ್ಲರ ಕಣ್ಣು ಅವಳ ತುಟಿಯ ಮೇಲೆ.

ಅಂದು ಪದ ಮುಗಿದ ಮೇಲೆ ಒಬ್ಬಳೇ ಶಿಲುಬೆಯ ಮುಂದೆ ಕೂತಳು. "ಏನು ಕೊಡ್ಲಿ ಸ್ವಾಮಿ? ಏನು ಬೇಕಾದ್ರೂ ಕೇಳು," ಎಂದಳು. ಅಂದ ಮರುಕ್ಷಣವೇ ಒಳಗಿನಿಂದ ಇನ್ನೊಂದು ಮಾತು ಎದ್ದಿತು: ಪದ ಒಂದನ್ನ ಬಿಟ್ಟು.

ಲೂರ್ದಮ್ಮ ತನ್ನ ಮಾತಿಗೆ ತಾನೇ ಬೆಚ್ಚಿದಳು. ಯಾರೂ ಕೇಳಿರಲಿಲ್ಲ, ತಾನೇ ಬಚ್ಚಿಟ್ಟು ತಾನೇ ತೋರಿಸಿಬಿಟ್ಟಿದ್ದಳು.

ವಾರವೆಲ್ಲ ಅದೇ ಕೊರೆಯಿತು. ಹಗರೆಯ ತೌರಿನಿಂದ ಬಂದ ಸೌಂದರ್ಯಳಿಗೆ ಒಳ್ಳೆಯ ದನಿಯಿದೆ, ಪದವೆಲ್ಲ ಬಾಯಿಗೆ ಬರುತ್ತದೆ. ಪಾತ್ರೆ ತೊಳೆಯುವಾಗ ಗುನುಗುತ್ತಾಳೆ, ಅತ್ತೆಯ ಹೆಜ್ಜೆ ಸಪ್ಪಳವಾದರೆ ನಿಲ್ಲಿಸುತ್ತಾಳೆ. ಹೋದ ವರ್ಷ ಜೊತೆಗೆ ಪದ ಹೇಳುವ ಆರೋಗ್ಯಮ್ಮ, "ಸೌಂದರ್ಯ ಒಂದಿನ ಎತ್ಲಿ ಬುಡಕ್ಕ," ಎಂದಾಗ, "ಇನ್ನೂ ಕಲೀಲಿ," ಎಂದಿದ್ದಳು ಲೂರ್ದಮ್ಮ. ಈಗಲೂ, ಇನ್ನೂ ಎರಡು ವರ್ಷ ಹೋಗಲಿ, ದನಿ ಒಡೆದ ಮೇಲೆ ಹೇಗೂ ಬಿಡಬೇಕಲ್ಲ ಎಂದುಕೊಂಡಳು. ಆಮೇಲೆ ತನಗೇ ತಿಳಿಯಿತು, ದನಿ ಒಡೆದ ಮೇಲೆ ಅದೂ ಕಸಿದುಕೊಂಡದ್ದೇ ಆಗುತ್ತದೆ.

ಮುಂದಿನ ಶುಕ್ರವಾರ ಹೆಂಗಸರೆಲ್ಲ ಸುತ್ತ ಕೂತು ಅವಳ ಮುಖ ನೋಡಿದರು. ಲೂರ್ದಮ್ಮ ಸೆರಗು ಸರಿಮಾಡಿಕೊಂಡು, "ಸೌಂದರ್ಯ, ನೀನು ಎತ್ತು," ಎಂದಳು.

ಸೊಸೆ ಗಾಬರಿಯಾದಳು. "ಯಾಕತ್ತೆ, ಗಂಟ್ಲು ಸರಿ ಇಲ್ವಾ? ಮತ್ತೆ ಊಟ ಬುಟ್ರಾ?"

"ಊಟ ಮಾಡಿವ್ನಿ. ಗಂಟ್ಲೂ ಚೆನ್ನಾಗೈತೆ. ಎತ್ತು ಅಂದ್ರೆ ಎತ್ತು."

ಸೌಂದರ್ಯ ಕಣ್ಣು ಮುಚ್ಚಿದಳು. ಮೊದಲು ನಡುಗಿ, ಆಮೇಲೆ ತಿಳಿಯಾಗಿ ಸಾಲು ಬಂತು. "ಬಿಸಿಲೇರೊ ಹೊತ್ತಲ್ಲಿ ಎಲ್ಲಿಗ್ಹೋದೆ ಮಗನೆ..." ಇನ್ನಾಸಮ್ಮ ಎಳೆಯುತ್ತಿದ್ದ ಕಡೆ ಅವಳು ಎಳೆಯಲಿಲ್ಲ. ತಿದ್ದುವುದಕ್ಕೆ ಲೂರ್ದಮ್ಮನ ಗಂಟಲಿಗೆ ದನಿ ಬಂದೇಬಿಟ್ಟಿತು. ತುಟಿ ಕಚ್ಚಿ ನುಂಗಿದಳು. ಹೊಟ್ಟೆಯ ಹಸಿವಿಗಿಂತ ಇದು ಕೆಟ್ಟದ್ದಾಗಿತ್ತು.

ಎರಡನೇ ಸಾಲು ಬಂತು, ಮೂರನೆಯದು ಬಂತು. ಇಷ್ಟು ವರ್ಷ ಎತ್ತುತ್ತಿದ್ದವಳಿಗೆ ಯಾವಾಗಲೂ ಮುಂದಿನ ಸಾಲಿನದೇ ಧ್ಯಾನ. ಹೇಳುತ್ತಿರುವ ಸಾಲನ್ನು ನಿಂತು ಕೇಳಿದವಳೇ ಅಲ್ಲ. ಈಗ ಯಾರೋ ತಾಯಿ ಎದುರಿಗೇ ಕೂತು ಮಗನನ್ನು ಕೂಗುತ್ತಿದ್ದಾಳೆ. ಮೈಯೆಲ್ಲ ಕಿವಿಯಾಗಿ ಲೂರ್ದಮ್ಮ ಹಾಗೇ ಕೂತುಬಿಟ್ಟಳು.

ಆರೋಗ್ಯಮ್ಮ ಮೊಣಕೈಯಿಂದ ತಿವಿದಳು. "ಲೂರ್ದಕ್ಕ, ಎಲ್ಲಿದ್ದೀಯ? ಸೊಲ್ಲು ಹೇಳು, ನಮ್ ಸರದಿ."

ಲೂರ್ದಮ್ಮ ಬಾಯಿ ತೆರೆದು, ಅರ್ಧ ಸಾಲು ತಡವಾಗಿ, ಎಲ್ಲರ ದನಿಯೊಳಗೆ ಸೇರಿಕೊಂಡಳು.