ಗಾಜಿನೊಳಗೆ ಕಟ್ಟಿದ ಉಸಿರು

ನನ್ನ ಭಾವ, ಅಂದರೆ ಗಂಡನ ಅಣ್ಣ, ಲಾರಿ ರಿಪೇರಿಯವನು. ಬಿಗಿದುಕೊಂಡದ್ದು ಏನೇ ಕಂಡರೂ ತಿರುಗಿಸಿ ಬಿಚ್ಚುವುದೊಂದೇ ಅವನಿಗೆ ಗೊತ್ತು. ತಲೆಯಲ್ಲಿ ಬರೀ ಮಣ್ಣು.

ಗಂಡನ ಕಾಲಿನ ಹುಣ್ಣು ಒಣಗದೆ ಪಾದ ಕತ್ತರಿಸುವ ಮಾತು ಬಂದಿತ್ತು. ಕೊನೆಯ ಪ್ರಯತ್ನವೆಂದು ಅವರನ್ನು ಆಸ್ಪತ್ರೆಯ ದೊಡ್ಡ ಗಾಜಿನ ಕೊಳವೆಯೊಳಗೆ ಮಲಗಿಸಿ, ಒತ್ತಡದಲ್ಲಿ ಆಮ್ಲಜನಕ ಕೊಡುತ್ತಿದ್ದರು. ಅವರ ಹೃದಯದ ಕವಾಟ ಮೊದಲೇ ಸೋರುತ್ತಿತ್ತು. ಒತ್ತಡಕ್ಕೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಬಹುದೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು.

ಹಾಗೇ ಆಯಿತು. ಗಂಡ ಎದೆ ಹಿಡಿದುಕೊಂಡು ಏದುಸಿರು ಬಿಡತೊಡಗಿದರು. ಯಂತ್ರ ನೋಡಿಕೊಳ್ಳುವವನು ಡಾಕ್ಟರಿಗೆ ಫೋನ್ ಮಾಡಿ, ಒತ್ತಡವನ್ನು ನಿಧಾನವಾಗಿ ಇಳಿಸತೊಡಗಿದ. ಒಮ್ಮೆಲೇ ಇಳಿಸುವಂತಿಲ್ಲ, ಇಳಿಯುವಾಗ ಒಳಗಿರುವವರು ಉಸಿರು ಕಟ್ಟಿ ಹಿಡಿದರೂ ಶ್ವಾಸಕೋಶ ಹರಿದುಹೋಗುತ್ತದೆ ಎಂದ. ಭಾವನಿಗೆ ಎಲ್ಲಿಯ ತಾಳ್ಮೆ! ತಮ್ಮನನ್ನು ಕೊಲ್ಲುತ್ತೀಯಾ ಎಂದು ಅವನ ಮುಖಕ್ಕೆ ಗುದ್ದಿದ. ಮೂಗು ಮುರಿದದ್ದು ನನಗೇ ಕೇಳಿಸಿತು. ಅವನು ಬಿದ್ದದ್ದೇ ತಡ, ಭಾವ ಗಾಳಿಯನ್ನೆಲ್ಲ ಒಟ್ಟಿಗೆ ಬಿಡುವ ಕೆಂಪು ಗುಂಡಿಗೆ ಕೈ ಹಾಕಿದ.

ಕುರ್ಚಿ ಎತ್ತಿ ಅವನ ಬೆನ್ನಿಗೆ ಬಾರಿಸಿದೆ. ಆದರೂ ಅವನು ಗುಂಡಿ ಬಿಡಲಿಲ್ಲ, ಒತ್ತುವ ಮೊದಲೇ ಅವನ ಕೈ ಕಚ್ಚಿ ಬಿಡಿಸಿದೆ. ಅವನು ನನ್ನನ್ನು ಗೋಡೆಗೆ ಅಪ್ಪಳಿಸಿದ. ತುಟಿ ಸೀಳಿ ರಕ್ತ ಬಂತು. ಎರಡೂ ಕೈಯಲ್ಲಿ ಅವನ ಕುತ್ತಿಗೆ ಹಿಸುಕಿದೆ. ಕೊಂದೇ ಬಿಡೋಣ ಅನಿಸಿತ್ತು, ಸುಳ್ಳು ಯಾಕೆ ಹೇಳಲಿ.

"ಅಕ್ಕಾ, ಒಳಗೆ ನೋಡಿ, ಅವರು ಉಸಿರು ಕಟ್ಟಿ ಹಿಡಿದಿದಾರೆ" ಎಂದು ನೆಲದಿಂದ ಯಂತ್ರದವನು ಕೂಗಿದ.

ಗಾಜಿನ ಹಿಂದೆ ಗಂಡ ಕೆನ್ನೆ ಉಬ್ಬಿಸಿ, ಕಣ್ಣು ಬಿಟ್ಟುಕೊಂಡು ನಮ್ಮ ಹೊಡೆದಾಟವನ್ನೇ ನೋಡುತ್ತಿದ್ದರು. ಯಂತ್ರದವನು ಹೊಂದಿಸಿಟ್ಟಂತೆ ಒತ್ತಡ ನಿಧಾನವಾಗಿ ಇಳಿಯುತ್ತಲೇ ಇತ್ತು. ಕುತ್ತಿಗೆ ಬಿಟ್ಟು ಗಾಜಿಗೆ ಮುಖ ಒತ್ತಿ, ಬಾಯಿ ತೆರೆದು ಉಸಿರಾಡಿ ತೋರಿಸಿದೆ. ನನ್ನ ರಕ್ತ ನೋಡಿ ಅವರು ಇನ್ನಷ್ಟು ಹೆದರಿದರು. ಭಾವನ ಅಂಗಿ ಹಿಡಿದು ಗಾಜಿನ ಮುಂದೆ ನನ್ನ ಪಕ್ಕಕ್ಕೆ ಎಳೆದೆ.

"ಬಾಯಿ ತೆಗೆದು ಉಸಿರಾಡೋ, ಕತ್ತೆ. ನಾವು ಜಗಳ ಬಿಟ್ವಿ ಅಂತ ಅವರಿಗೆ ಕಾಣ್ಲಿ."

ಭಾವನ ಮುಖ ಬಿಳಿಚಿತು. ನನ್ನ ಭುಜಕ್ಕೆ ಭುಜ ತಾಗಿಸಿ ನಿಂತು ಅವನೂ ಉಸಿರಾಡಿದ. ಗಂಡನ ಕೆನ್ನೆ ಮೆಲ್ಲಗೆ ಇಳಿಯಿತು.

ಒತ್ತಡ ಪೂರ್ತಿ ಇಳಿದು ಕೊಳವೆಯ ಬಾಗಿಲು ತೆರೆದಾಗ ಡಾಕ್ಟರು ಓಡಿ ಬಂದು ಇಂಜೆಕ್ಷನ್ ಕೊಟ್ಟರು. ಇನ್ನು ಈ ಚಿಕಿತ್ಸೆ ಸಾಧ್ಯವಿಲ್ಲ, ಪಾದ ಹೋಗುತ್ತದೆ, ಜೀವ ಉಳಿಯಿತಲ್ಲ ಎಂದರು. ಯಾರಿಗೂ ಗದರಿಯೂ ಗೊತ್ತಿಲ್ಲದ ನನ್ನ ಗಂಡ ನನ್ನ ತುಟಿ ನೋಡಿ, ಅಣ್ಣನ ಮೇಲೆ ಕೈ ಎತ್ತಿದರು. ಆ ಕೈಯನ್ನು ಹಿಡಿದುಕೊಂಡೆ.

"ನೀವು ಬೇಡ ರೀ, ನಿಮ್ಮ ಎದೆಗೆ ಆಗಲ್ಲ. ನಾನೇ ಹೊಡೀತೀನಿ."

ಭಾವ ಅಳುತ್ತಾ ಕೆನ್ನೆ ಕೊಟ್ಟು ನಿಂತ. ಹೊಡೆದೆ.