ಸೀಟಿ ಬಿಚ್ಚಿಟ್ಟ ದಿನ

ಕೆಂಪು ಬಾವುಟ ಕೆಳಗಿಳಿಯಿತೆಂದರೆ ನಾನು ಮೇಲೇಳಬೇಕು. ಬಂದೂಕು ಕ್ಲಬ್ಬಿನಲ್ಲಿ ನನ್ನ ಕೆಲಸ ಅಷ್ಟೇ. ಬಾವುಟ ಹಾರುತ್ತಿರುವಷ್ಟು ಹೊತ್ತು ಮೈದಾನದ ಪಕ್ಕದ ಕಲ್ಲುಗೋಡೆಯ ಮರೆಯಲ್ಲಿ ಕೂತಿರುವುದು. ಇಳಿದೊಡನೆ ಗೋಂದಿನ ಡಬ್ಬಿ ಹಿಡಿದು ಗುರಿಹಲಗೆಗಳ ಬಳಿಗೆ ನಡೆದು, ಗುಂಡು ಕೊರೆದ ತೂತುಗಳಿಗೆ ಕಾಗದದ ಚೂರು ಅಂಟಿಸುವುದು. ದಿನವಿಡೀ ಜನ ತೂತು ಮಾಡುತ್ತಿದ್ದರು, ನಾನು ಮುಚ್ಚುತ್ತಿದ್ದೆ. ಸಂಜೆಯ ಹೊತ್ತಿಗೆ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು, ಮನೆಯಲ್ಲಿ ಸೊಪ್ಪು ಬಿಡಿಸುವುದಕ್ಕೂ ಬೇಸರವಾಗುತ್ತಿತ್ತು.

ಬಾವುಟದ ಹಗ್ಗವೂ ಸೀಟಿಯೂ ಚೆಂಗಪ್ಪನವರ ಕೈಯಲ್ಲಿದ್ದವು. ಸೈನ್ಯದಲ್ಲಿ ಹವಾಲ್ದಾರರಾಗಿದ್ದು, ನಿವೃತ್ತರಾದ ಮೇಲೆ ಇಲ್ಲಿ ಗುರಿ ಕಲಿಸಲು ಬಂದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಯಾರಾದರೂ ಪಕ್ಕಕ್ಕೆ ತಿರುಗಿ ಮಾತಾಡಿದರೆ ಅವರಿಗೆ ಆಗುತ್ತಿರಲಿಲ್ಲ. "ಮುಖ ಕೊಟ್ಟು ಮಾತಾಡಿ" ಎನ್ನುತ್ತಿದ್ದರು. ಸೈನ್ಯದ ಶಿಸ್ತು ಎಂದುಕೊಂಡು ನಾವೆಲ್ಲ ನೆಟ್ಟಗೆ ನಿಲ್ಲುತ್ತಿದ್ದೆವು.

ಅವರು ತಂದ ಪದ್ಧತಿಯೊಂದಿತ್ತು. ಮೈದಾನದಲ್ಲಿ ಯಾರು ತಪ್ಪು ಮಾಡಿದರೂ ಸುಣ್ಣದ ಗೆರೆಯ ಮೇಲೆ ನಿಂತು, ಅದನ್ನು ತಮ್ಮ ಬಾಯಿಂದಲೇ ಹೇಳಬೇಕು. ಉಳಿದವರು "ಕೇಳಿದೆವು" ಎನ್ನಬೇಕು. ಆಮೇಲೆ ಆ ಮಾತು ಎತ್ತುವಂತಿಲ್ಲ, ನಗುವಂತಿಲ್ಲ. ಊರಿನ ದೊಡ್ಡ ಡಾಕ್ಟರೊಬ್ಬರು ಸಹ ಒಮ್ಮೆ ಅಲ್ಲಿ ನಿಂತು, "ಗುಂಡು ತುಂಬಿದ ಬಂದೂಕು ಹಿಡ್ಕೊಂಡು ಹಿಂದಕ್ಕೆ ತಿರುಗ್ದೆ" ಎಂದು ಹೇಳಿ ಹೋಗಿದ್ದರು.

ಜಿಲ್ಲಾ ತಂಡದ ಆಯ್ಕೆಯ ದಿನ ಕಾರ್ಯದರ್ಶಿ ಶೇಷಗಿರಿಯವರು ಬೆಳಿಗ್ಗೆಯೇ ಬಂದು ಎಲ್ಲರೆದುರಿಗೆ ಹೇಳಿದರು: "ಹವಾಲ್ದಾರ್ರೇ, ಸಮಿತಿಯೋರು ಹೊಸಬರನ್ನ ತರೋಣ ಅಂತಿದಾರೆ. ಇವತ್ತು ಒಂದು ದೂರು ಬಂದ್ರೂ ಸೀಟಿ ಬಿಚ್ಚಿ ಕೊಟ್ಬಿಡಬೇಕು. ಮನೇಲಿ ಮೊಮ್ಮಕ್ಕಳನ್ನ ಆಡಿಸ್ಕೊಂಡಿರಿ."

"ಮಕ್ಕಳೇ ಇಲ್ಲದೋನು ಮೊಮ್ಮಕ್ಕಳನ್ನ ಎಲ್ಲಿಂದ ತರ್ಲಿ ಸ್ವಾಮಿ? ನೀವೇ ಒಂದೆರಡು ಕಳಿಸಿಕೊಡಿ" ಎಂದರು ಚೆಂಗಪ್ಪನವರು. ಎಲ್ಲರೂ ನಕ್ಕರು. ಆದರೆ ಅವರ ಕೈ ಕೊರಳಿನ ಸೀಟಿಯನ್ನು ಹಿಡಿದುಕೊಂಡದ್ದು ನನಗೆ ಕಾಣಿಸಿತು.

ಬಿಸಿಲು ಏರಿತು. ಗುಂಪಿನ ಮೇಲೆ ಗುಂಪು ಬಂದು ಗುಂಡು ಹಾರಿಸಿ ಹೋಯಿತು. ಪ್ರತಿ ಸಲವೂ ಚೆಂಗಪ್ಪನವರು ಒಬ್ಬೊಬ್ಬರ ಹಿಂದೆ ಹೋಗಿ, ಬಂದೂಕು ಖಾಲಿಯಾಗಿದೆಯೇ ಎಂದು ನೋಡಿ, ಆಮೇಲೆ ಸೀಟಿ ಊದಿ ಬಾವುಟ ಇಳಿಸಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಅವರ ಕಾಲು ಸೋತಿತ್ತು. ಬಾವುಟದ ಕಂಬಕ್ಕೆ ಒರಗಿ ನಿಂತೇ ನೋಡತೊಡಗಿದ್ದರು.

ಕೊನೆಯ ಗುಂಪಿನ ಕೊನೆಯಲ್ಲಿ ವಾರಿಜಾ ಇದ್ದಳು. ಹೊಲಿಗೆ ಅಂಗಡಿಯವರ ಮಗಳು, ಚೆಂಗಪ್ಪನವರೇ ಕಲಿಸಿ ಬೆಳೆಸಿದ ಹುಡುಗಿ. ಗುಂಡುಗಳ ಸದ್ದು ನಿಂತಿತು. ಸೀಟಿ ಕೇಳಿಸಿತು, ಬಾವುಟ ಇಳಿಯಿತು. ನಾನು ಡಬ್ಬಿ ಹಿಡಿದು ಮರೆಯಿಂದ ಹೊರಟೆ. ಅರ್ಧ ದಾರಿಯಲ್ಲಿದ್ದಾಗ ಅವಳ ಕೂಗು ಕೇಳಿಸಿತು.

"ಅಕ್ಕಾ, ಕೆಳಗೆ! ಮಲಗಿ ಅಕ್ಕಾ! ಗುಂಡು ಒಳಗೇ ಇದೆ!"

ನಾನು ಬಿದ್ದೆ. ಗೋಂದು ಚೆಲ್ಲಿ ಕೆನ್ನೆಯೆಲ್ಲ ಮಣ್ಣಾಯಿತು. ತಲೆ ಎತ್ತಲು ಧೈರ್ಯ ಬರಲಿಲ್ಲ. ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ಬಂದೂಕನ್ನು ಅಲುಗಿಸಬಾರದು, ಅದರ ಬಾಯಿ ಗುರಿಯ ಕಡೆಗೇ ಇರಬೇಕು, ಒಂದು ಕೈ ಎತ್ತಿ ಕಾಯಬೇಕು. ಆ ಗುಂಡು ತಡವಾಗಿ ಹಾರಿದರೂ ಹಾರೀತು. ವಾರಿಜಾ ಹಾಗೆಯೇ ಕಾದಳು. ನಾನೂ ಮಣ್ಣಿನಲ್ಲಿ ಕಾದೆ. ಕೊನೆಗೆ ಅವಳು ಬಂದೂಕು ತೆರೆದು ಆ ಕೆಟ್ಟ ಗುಂಡನ್ನು ಹೊರಗೆ ತೆಗೆದಾಗ ಯಾರೋ ಬಂದು ನನ್ನನ್ನು ಎಬ್ಬಿಸಿದರು.

ಶೇಷಗಿರಿಯವರು ಆಗಲೇ ಕೂಗಾಡುತ್ತಿದ್ದರು. "ಬಾವುಟ ಇಳಿದ್ಮೇಲೂ ಇವಳ ಬಂದೂಕು ಹೆಗಲಿಗೆ ಆನಿಕೊಂಡೇ ಇತ್ತು. ಎಲ್ರೂ ನೋಡಿದೀವಿ. ಎದುರಿಗೆ ಒಂದು ಹೆಂಗಸು ಹೋಗ್ತಿದೆ! ಇವಳು ಆಯ್ಕೆಯಿಂದ ಹೊರಗೆ."

"ಸಾರ್, ಬಾವುಟ ಇಳಿಯೋಕೆ ಮುಂಚೇನೇ ಕೈ ಎತ್ತಿದ್ದೆ, ಹಾರ್ಲಿಲ್ಲ ಅಂತ ಕೂಗಿದೆ. ಬೇರೆಯೋರ ಗುಂಡಿನ ಸದ್ದಲ್ಲಿ ನಿಮಗೆ ಕೇಳಿಸಿರ್ಲಿಕ್ಕಿಲ್ಲ" ಎಂದಳು ವಾರಿಜಾ.

"ನೀನು ಕೂಗಿದ್ರೆ ಪಕ್ಕದಲ್ಲೇ ನಿಂತಿದ್ದ ಹವಾಲ್ದಾರ್ರಿಗೆ ಕೇಳಿಸ್ತಿರಲಿಲ್ವೇ?" ಶೇಷಗಿರಿಯವರು ಅವಳ ಕಡೆಗೇ ತಿರುಗಿಕೊಂಡು, "ಏನ್ ಹವಾಲ್ದಾರ್ರೇ, ಕೂಗಿದ್ಲಾ ಇವಳು?" ಎಂದು ಕೇಳಿದರು.

ಅವರ ಬೆನ್ನ ಹಿಂದೆ ನಿಂತಿದ್ದ ಚೆಂಗಪ್ಪನವರು ಉತ್ತರಿಸಲಿಲ್ಲ. ಶೇಷಗಿರಿಯವರು ಅವರತ್ತ ತಿರುಗಿ ಮತ್ತೆ ಕೇಳಬೇಕಾಯಿತು. ಇಲ್ಲ ಎಂದಿದ್ದರೆ ಸಾಕಿತ್ತು. ಹುಡುಗಿ ಹೋಗುತ್ತಿದ್ದಳು, ಸೀಟಿ ಉಳಿಯುತ್ತಿತ್ತು.

ಅವರು ನಿಧಾನವಾಗಿ ನಡೆದು ಬಂದು ಗೆರೆಯ ಮೇಲೆ ನಿಂತರು.

"ನನಗೆ ಕಿವಿ ಕೇಳಲ್ಲ" ಎಂದರು. "ಬಹಳ ದಿನ ಆಯ್ತು. ಗುಂಡು ಹಾರಿದಾಗ ಹೆಗಲು ಹಿಂದಕ್ಕೆ ಬರ್ತದಲ್ಲ, ಅದನ್ನ ನೋಡಿ ಲೆಕ್ಕ ಇಟ್ಕೊಳ್ತಿದ್ದೆ. ಗುಂಡು ಹಾರದಿದ್ರೂ ಈ ಮಗು ಹೆದರಿ ಹೆಗಲು ಅಲುಗಿಸ್ತು. ಮುಗೀತು ಅಂದ್ಕೊಂಡು ಹಗ್ಗದ ಕಡೆ ತಿರುಗ್ದೆ. ಎತ್ತಿದ ಕೈ ನೋಡ್ಲಿಲ್ಲ. ಹಿಂದೆ ಹೋಗಿ ಬಂದೂಕೂ ನೋಡ್ಲಿಲ್ಲ. ಕಾಗದ ಅಂಟಿಸೋಕೆ ಹೋದ ಆಕೆಯನ್ನ ಬಂದೂಕಿನ ಎದುರಿಗೆ ಕಳಿಸಿದೋನು ನಾನು."

ಮೊದಲು ಹೇಳಬೇಕಾದವಳು ನಾನೇ ಎನಿಸಿತು. "ಕೇಳಿದೆವು" ಎಂದೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೇಳಿದರು.

ಅವರು ಸೀಟಿಯನ್ನು ಕೊರಳಿಂದ ತೆಗೆದು ಶೇಷಗಿರಿಯವರ ಮೇಜಿನ ಮೇಲಿಟ್ಟರು. ಶೇಷಗಿರಿಯವರು ವಾರಿಜಾಳಿಗೆ ಆ ಕೆಟ್ಟ ಗುಂಡಿನ ಬದಲು ಬೇರೆ ಗುಂಡು ಕೊಡಿಸಿದರು. ಅದು ಗುರಿಯ ಅಂಚಿಗೆ ಬಿತ್ತು. ಆದರೂ ತಂಡಕ್ಕೆ ಆಯ್ಕೆಯಾದಳು.

ಎಲ್ಲರೂ ಹೋದ ಮೇಲೆ ಚೆಂಗಪ್ಪನವರು ಮೆಟ್ಟಿಲ ಮೇಲೆ ಬೂಟು ಬಿಚ್ಚಿ ಕೂತಿದ್ದರು. ನಾನು ಹಿಂದಿನಿಂದ ಹೋಗಿ, "ಟೀ ತರ್ಲಾ ಅಣ್ಣಾ?" ಎಂದೆ. ನನ್ನ ನೆರಳು ಕಂಡು ತಿರುಗಿದರು.

"ಸ್ವಲ್ಪ ಜೋರಾಗಿ ಹೇಳಮ್ಮ" ಎಂದರು, ಅಷ್ಟು ವರ್ಷಗಳಲ್ಲಿ ಮೊದಲ ಸಲ.

ನಾನು ಇನ್ನೊಮ್ಮೆ ಕೂಗಿದೆ. ನನ್ನ ದನಿ ಖಾಲಿ ಮೈದಾನ ದಾಟಿ, ಗುರಿಹಲಗೆಗಳ ಹಿಂದಿನ ಮಣ್ಣುದಿಬ್ಬಕ್ಕೆ ತಾಗಿ ಮರಳಿತು. ಅಲ್ಲಿ ಮೇಯುತ್ತಿದ್ದ ಮೇಕೆಯೊಂದು ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು.